ನಲವತ್ತೊಂಬತ್ತು ಅಡಿ

ವಿಜ್ಞಾನಿಯ ಬಾಯಿಂದ ಊಹೆಯಾಗಿ ಹೊರಟ ಅಂಕಿಯು ಊರನ್ನು ತಲುಪುವಷ್ಟರಲ್ಲಿ ವಾಗ್ದಾನವಾಗಿ ಬಿಡುವುದುಂಟು. ನೆರೆಯ ವಿಷಯದಲ್ಲಿ ಈ ರೂಪಾಂತರಕ್ಕೆ ತೆರಬೇಕಾದ ಬೆಲೆಯನ್ನು ಅಮೆರಿಕದ ಗ್ರ್ಯಾಂಡ್ ಫೋರ್ಕ್ಸ್ ನಗರವು 1997ರಲ್ಲಿ ತೆತ್ತಿತು.

ಉತ್ತರ ಡಕೋಟಾ ಪ್ರಾಂತದ ಆ ನಗರವಿರುವುದು ರೆಡ್ ನದಿಯ ದಂಡೆಯಲ್ಲಿ. ಆ ವರ್ಷ ಚಳಿಗಾಲದ ಹಿಮ ವಿಪರೀತವಾಗಿತ್ತು. ಅದು ಕರಗಿದಾಗ ನದಿಯು 49 ಅಡಿಯವರೆಗೆ ಏರಬಹುದೆಂದು ಅಲ್ಲಿನ ಹವಾಮಾನ ಸೇವೆಯು ವಾರಗಟ್ಟಲೆ ಮುಂಚೆಯೇ ತಿಳಿಸಿತ್ತು. 1979ರ ನೆರೆಯೂ ಹೆಚ್ಚುಕಡಿಮೆ ಅಷ್ಟೇ ಎತ್ತರದ್ದು. ಅದನ್ನು ಕಂಡುಂಡ ಜನರು, ಇದೂ ಅಂಥದೇ ಎಂದು ಸಮಾಧಾನ ತಾಳಿದರು. ಅಧಿಕಾರಿಗಳು ಮೂರಡಿಯನ್ನು ಹೆಚ್ಚಾಗಿಯೇ ಸೇರಿಸಿ ಒಡ್ಡುಗಳನ್ನು 52 ಅಡಿಗೆ ಏರಿಸಿದರು. ಏಪ್ರಿಲಿನಲ್ಲಿ ನದಿಯು 54 ಅಡಿಯನ್ನು ದಾಟಿತು. ಎದುರು ದಂಡೆಯ ಊರೂ ಸೇರಿ 50,000ಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಸುತ್ತಲೂ ನೀರು ನಿಂತಿದ್ದಂತೆಯೇ ಪೇಟೆಯ ಹನ್ನೊಂದು ಕಟ್ಟಡಗಳು ಬೆಂಕಿಗೆ ಆಹುತಿಯಾದವು.

ಲೆಕ್ಕವು ತಪ್ಪಿದ್ದು ನೂರಕ್ಕೆ ಹತ್ತರಷ್ಟು ಮಾತ್ರ. ತಿಂಗಳುಗಳಾಚೆಯ ನದಿಯನ್ನು ಅಳೆಯುವವರಿಗೆ ಇದು ಮಹಾಪರಾಧವೇನೂ ಅಲ್ಲ. ಆದರೆ ಅಷ್ಟು ತಪ್ಪಬಹುದೆಂಬ ಮಾತು ಅಂಕಿಯ ಜೊತೆಗೆ ಪ್ರಯಾಣ ಮಾಡಲಿಲ್ಲ. ಬಲ್ಲವರು ಅದನ್ನು ಒತ್ತಿ ಹೇಳಲಿಲ್ಲ; ಒಡ್ಡು ಕಟ್ಟುವವರು ಕೇಳಲಿಲ್ಲ. ಮೂರಡಿ ಸಾಕೇ ಎಂಬ ಪ್ರಶ್ನೆಯು ಇಬ್ಬರ ನಡುವೆ ಅನಾಥವಾಗಿ ಉಳಿಯಿತು.

ಕಾಸರಗೋಡಿನವರಾದ ನಮಗೂ ಇದು ದೂರದ ಕಥೆಯಲ್ಲ. ಮಳೆಗಾಲ ಬಂತೆಂದರೆ ಹವಾಮಾನ ಇಲಾಖೆಯ ಹಳದಿ, ಕಿತ್ತಳೆ, ಕೆಂಪು ಬಣ್ಣಗಳು ನಮ್ಮ ದಿನಚರಿಯನ್ನು ಆಳುತ್ತವೆ. ಕಿತ್ತಳೆಯೆಂದರೆ ಸಿದ್ಧರಾಗಿರಿ, ಕೆಂಪೆಂದರೆ ಕಾರ್ಯಪ್ರವೃತ್ತರಾಗಿ ಎಂದು ಇಲಾಖೆಯ ಭಾವ. ನಾವು ಕೇಳುವುದಾದರೋ ಶಾಲೆಗೆ ರಜೆಯುಂಟೋ ಎಂಬ ಒಂದೇ ಪ್ರಶ್ನೆ. ಒಂದು ದಿನದಲ್ಲಿ 204 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೆ ಅದು ಅತ್ಯಂತ ಭಾರಿ ಮಳೆಯೆನಿಸುತ್ತದೆ. ಆದರೆ ಆ ಮಳೆಗೆ ಚಂದ್ರಗಿರಿ ಹೊಳೆಯು ಯಾವ ತೋಟವನ್ನು ಹೊಕ್ಕೀತು, ಯಾವ ದಾರಿಯನ್ನು ಮುಚ್ಚೀತು ಎಂಬುದನ್ನು ಬಣ್ಣವು ಹೇಳಲಾರದು. ಅದನ್ನು ಬಲ್ಲವರು ಹೊಳೆಬದಿಯ ಜನ, ಗ್ರಾಮದ ಅಧಿಕಾರಿ.

ಆದುದರಿಂದ ಮಾತುಕತೆಯು ಮಳೆಗಾಲಕ್ಕೆ ಮುಂಚೆಯೇ ನಡೆಯಬೇಕು. ಎಷ್ಟು ಅಡಿಗೆ ಯಾವ ಸೇತುವೆ ಮುಳುಗುವುದೆಂದು ಅಧಿಕಾರಿಯು ವಿಜ್ಞಾನಿಗೆ ಹೇಳಲಿ. ತನ್ನ ಅಂಕಿಯು ಎಷ್ಟು ಹಿಂದುಮುಂದಾಗಬಹುದೆಂದು ವಿಜ್ಞಾನಿಯು ಸಂಕೋಚವಿಲ್ಲದೆ ತಿಳಿಸಲಿ. ಸಂದೇಹವನ್ನು ಹೇಳಿಕೊಂಡರೆ ಜನರ ವಿಶ್ವಾಸ ಕುಗ್ಗೀತೆಂಬ ಭಯ ಬೇಡ. ಗ್ರ್ಯಾಂಡ್ ಫೋರ್ಕ್ಸಿನ ಜನಕ್ಕೆ 54 ಅಡಿಯೂ ಆಗಬಹುದೆಂಬ ಮಾತು ಮೊದಲೇ ಕಿವಿಗೆ ಬಿದ್ದಿದ್ದರೆ, ಕಡೆಯ ಪಕ್ಷ ಮನೆಯ ಪತ್ರಗಳನ್ನೂ ಹಿರಿಯರ ಭಾವಚಿತ್ರಗಳನ್ನೂ ಅವರು ಮೇಲಿನ ಅಟ್ಟಕ್ಕೆ ಸಾಗಿಸಿಕೊಳ್ಳುತ್ತಿದ್ದರು.