ತುಂಬಾ ಎಂಬ ಊರಿನ ಗುಡುಗು

ಊರಿನ ಹೆಸರು ತುಂಬಾ. ಕನ್ನಡಿಗರ ಕಿವಿಗೆ ತಮಾಷೆಯಾಗಿ ಕೇಳಿಸುವ ಈ ಊರು ಇರುವುದು ಸ್ವೀಡನ್ ದೇಶದಲ್ಲಿ, ರಾಜಧಾನಿ ಸ್ಟಾಕ್‌ಹೋಮಿನ ನೈಋತ್ಯಕ್ಕೆ. ನಗರದ ಕೇಂದ್ರ ನಿಲ್ದಾಣದಲ್ಲಿ ಲೋಕಲ್ ರೈಲು ಹತ್ತಿದರೆ ಸುಮಾರು ಅರ್ಧ ಗಂಟೆಯ ದಾರಿ. ಹೆಸರೇನೋ ತುಂಬಾ, ಆದರೆ ಪ್ರವಾಸಿಗರು ನೋಡುವಂಥದ್ದು ಅಲ್ಲಿ ತುಂಬಾ ಏನೂ ಇಲ್ಲ. ಅಚ್ಚುಕಟ್ಟಾದ ವಸತಿ ಕಟ್ಟಡಗಳು, ಅಂಗಡಿ ಸಾಲು, ಆಚೆಗೆ ಬರ್ಚ್ ಮತ್ತು ಪೈನ್ ಮರಗಳ ಕಾಡು. ಇತಿಹಾಸ ಬಲ್ಲವರು ಹುಡುಕಿಕೊಂಡು ಹೋಗುವುದು ಹಳೆಯ ಕಾಗದದ ಕಾರ್ಖಾನೆಯನ್ನು. ಯೂರೋಪಿನಲ್ಲಿ ಮೊದಲ ಬಾರಿಗೆ ಬ್ಯಾಂಕ್ ನೋಟು ಹೊರಬಂದದ್ದು 1661ರಲ್ಲಿ, ಸ್ವೀಡನ್ನಿನಲ್ಲಿ. ನೋಟಿನ ಕಾಗದ ಬೇರೆಯವರ ಕೈಗೆ ಸಿಗಬಾರದೆಂದು ಆ ದೇಶದ ರಿಕ್ಸ್‌ಬ್ಯಾಂಕ್ 1755ರಲ್ಲಿ ತುಂಬಾದಲ್ಲಿ ತನ್ನದೇ ಕಾರ್ಖಾನೆ ಕಟ್ಟಲು ತೀರ್ಮಾನಿಸಿತು. ಕೆಲಸ ಕಲಿಸಲು ಹಾಲೆಂಡಿನಿಂದ ಕಾಗದ ತಯಾರಕರನ್ನು ಕರೆಸಿಕೊಂಡಿತು.

ಆದರೆ ಕಳೆದ ಮೂವತ್ತು ವರ್ಷಗಳಲ್ಲಿ ಈ ಊರಿನ ಹೆಸರನ್ನು ದೂರದೂರದ ತರುಣರ ಬಾಯಲ್ಲಿ ಇಟ್ಟದ್ದು ನೋಟಿನ ಕಾಗದವಲ್ಲ, ಕಿವಿಗಡಚಿಕ್ಕುವ ಒಂದು ಸಂಗೀತ ತಂಡ. ಅದರ ಹೆಸರು ‘ಅಮೋನ್ ಅಮಾರ್ತ್’. ತುಂಬಾದ ಹುಡುಗರು 1988ರಲ್ಲಿ ಬೇರೆ ಹೆಸರಿನಲ್ಲಿ ಆರಂಭಿಸಿದ್ದ ತಂಡ 1992ರಲ್ಲಿ ಈ ಹೆಸರು ಇಟ್ಟುಕೊಂಡಿತು. ಇಂಗ್ಲಿಷ್ ಸಾಹಿತಿ ಟೋಲ್ಕೀನ್ ತನ್ನ ಕಥೆಗಳಿಗಾಗಿ ಸೃಷ್ಟಿಸಿದ ಭಾಷೆಯಲ್ಲಿ ಅದು ಬೆಂಕಿ ಉಗುಳುವ ಒಂದು ಬೆಟ್ಟದ ಹೆಸರು. ಹೆಸರು ಇಂಗ್ಲೆಂಡಿನ ಲೇಖಕನದಾದರೂ ಹಾಡುಗಳ ವಸ್ತುವೆಲ್ಲ ಸ್ಕ್ಯಾಂಡಿನೇವಿಯದ್ದೇ. ಓಡಿನ್, ಥೋರ್, ಲೋಕಿ, ಹಡಗೇರಿ ಹೊರಟ ವೈಕಿಂಗ್ ಯೋಧರು, ಲೋಕವೇ ಮುಳುಗುವ ರಗ್ನರೋಕ್ ಎಂಬ ಪ್ರಳಯ, ಇವೇ ಅವರ ಹಾಡುಗಳ ತುಂಬ.

ಒಂದು ಕೋಟಿಗೆ ಸ್ವಲ್ಪವೇ ಹೆಚ್ಚು ಜನಸಂಖ್ಯೆಯ ದೇಶದಿಂದ ಇಷ್ಟೊಂದು ತಂಡಗಳು ಹೇಗೆ ಹುಟ್ಟುತ್ತವೆ ಎಂದು ಕೇಳುವವರುಂಟು. ಅಲ್ಲಿನ ಪೌರಾಡಳಿತಗಳು ನಡೆಸುವ ಸಂಗೀತ ಶಾಲೆಗಳಲ್ಲಿ ಮಕ್ಕಳು ಕಡಿಮೆ ಖರ್ಚಿನಲ್ಲಿ ವಾದ್ಯ ಕಲಿಯುತ್ತಾರೆ. ಬೆಳೆದ ಹುಡುಗರು ತಂಡ ಕಟ್ಟಿದರೆ, ಸರಕಾರದ ನೆರವು ಪಡೆಯುವ ವಯಸ್ಕರ ಶಿಕ್ಷಣ ಸಂಘಗಳು ಅಭ್ಯಾಸಕ್ಕೆ ಕೊಠಡಿ ಒದಗಿಸುತ್ತವೆ. ಚಳಿಗಾಲದಲ್ಲಿ ಹಗಲು ಆರು ಗಂಟೆಗೆ ಕುಗ್ಗುವ ಊರಿನಲ್ಲಿ ಬೆಚ್ಚಗಿನ ಕೊಠಡಿ, ನಾಲ್ಕು ವಾದ್ಯ ಸಿಕ್ಕರೆ ಹುಡುಗರಿಗೆ ಇನ್ನೇನು ಬೇಕು?

ಗರ್ಜನೆಯ ವಿಜ್ಞಾನ

ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ತಂಡಗಳು ಹಾಡಿದಾಗ ಸೇರಿದ ಜನಸಂದಣಿಯನ್ನು ಕಂಡವರಿಗೆ ಹೆವಿ ಮೆಟಲ್ ಎಂದರೆ ಏನೆಂದು ಗೊತ್ತು. ಅದರ ಇನ್ನೂ ಉಗ್ರವಾದ ಕವಲು ಡೆತ್ ಮೆಟಲ್. ಗಿಟಾರಿನ ಅತ್ಯಂತ ದಪ್ಪನೆಯ ತಂತಿ ಸಾಮಾನ್ಯವಾಗಿ ಸೆಕೆಂಡಿಗೆ 82 ಸಲ ಕಂಪಿಸುತ್ತದೆ. ಈ ತಂಡದವರು ಅದನ್ನು ಸಡಿಲಿಸಿ ಸುಮಾರು 62ಕ್ಕೆ ಇಳಿಸುತ್ತಾರೆ. ಮೇಲೆ, ಆಂಪ್ಲಿಫೈಯರ್ ತನ್ನ ಶಕ್ತಿ ಮೀರಿ ದುಡಿಯುವಂತೆ ಮಾಡಿ, ತರಂಗದ ನೆತ್ತಿಯನ್ನು ಕತ್ತರಿಸಿ, ಧ್ವನಿಗೆ ಗರಗಸದ ಒರಟುತನ ತರುತ್ತಾರೆ. ಡ್ರಮ್ ಬಾರಿಸುವವನು ಎರಡೂ ಕಾಲುಗಳಿಂದ ಬಿಡುವಿಲ್ಲದೆ ತುಳಿಯುತ್ತಾನೆ.

ಹಾಡುಗಾರನ ಕಂಠ ಬೇರೆಯೇ ಬಗೆ. ಮಾತಾಡುವಾಗ ನಡುಗುವ ಧ್ವನಿತಂತುಗಳ ಮೇಲ್ಗಡೆ ಇನ್ನೊಂದು ಜೊತೆ ಮಡಿಕೆಗಳಿವೆ. ಸಾಮಾನ್ಯ ಮಾತಿನಲ್ಲಿ ಅವಕ್ಕೆ ಕೆಲಸವಿಲ್ಲ. ಡೆತ್ ಮೆಟಲ್ ಗಾಯಕ ಅವನ್ನೂ ನಡುಗಿಸಿ, ಗುಹೆಯೊಳಗಿಂದ ಕರಡಿ ಗುರುಗುಟ್ಟಿದಂಥ ಸ್ವರ ಹೊರಡಿಸುತ್ತಾನೆ. ಅರಿಯದೆ ಅನುಕರಿಸಿದರೆ ಗಂಟಲು ಕೆಡುತ್ತದೆ. ಸರಿಯಾಗಿ ಕಲಿತವರು ಇದನ್ನು ವರ್ಷಗಟ್ಟಲೆ ಹಾಡುತ್ತಾರೆ. ಈ ತಂಡದ ಗಾಯಕ, ಉದ್ದ ಗಡ್ಡದ ಆಜಾನುಬಾಹು ಯೋಹಾನ್ ಹೆಗ್, ಮೂರು ದಶಕ ದಾಟಿದರೂ ದಣಿದಿಲ್ಲ. ಅವರ ಇಂಗ್ಲಿಷ್ ಪದಗಳು ಇಷ್ಟು ಗರ್ಜನೆಯ ನಡುವೆಯೂ ಬಹುಮಟ್ಟಿಗೆ ತಿಳಿಯುತ್ತವೆ ಎಂಬುದು ಕೇಳುಗರು ಮೆಚ್ಚುವ ಗುಣ.

ಒಂದು ಆಲ್ಬಂ, ಹಲವು ಕಿವಿ

ತಂಡದ ಏಳನೆಯ ಆಲ್ಬಂ ‘ಟ್ವೈಲೈಟ್ ಆಫ್ ದಿ ಥಂಡರ್ ಗಾಡ್’ ಹೊರಬಂದದ್ದು 2008ರ ಸೆಪ್ಟೆಂಬರಿನಲ್ಲಿ. ಗುಡುಗಿನ ದೇವರ ಮುಸ್ಸಂಜೆ ಎಂದು ಅರ್ಥ. ಓರೆಬ್ರೋ ನಗರದಲ್ಲಿ ಯೆನ್ಸ್ ಬೋಗ್ರೆನ್ ನಿರ್ಮಾಣದಲ್ಲಿ ಧ್ವನಿಮುದ್ರಣವಾದ ಇದರಲ್ಲಿ ಹತ್ತು ಹಾಡುಗಳಿವೆ. ಸ್ಟಾಕ್‌ಹೋಮಿನ ಹಿರಿಯ ತಂಡ ಎಂಟೂಮ್ಡ್‌ನ ಎಲ್. ಜಿ. ಪೆಟ್ರೋವ್ ಒಂದು ಹಾಡಿಗೆ ದನಿಗೂಡಿಸಿದ್ದಾರೆ (ಅವರು 2021ರಲ್ಲಿ ತೀರಿಕೊಂಡರು). ಇನ್ನೊಂದು ಹಾಡಿಗೆ ಫಿನ್ಲೆಂಡಿನ ಅಪೊಕ್ಯಾಲಿಪ್ಟಿಕಾ ತಂಡದವರು ಚೆಲ್ಲೊ ನುಡಿಸಿದ್ದಾರೆ. ಮುಖಪುಟದಲ್ಲಿ ಥೋರ್ ದೇವ ಸುತ್ತಿಗೆಯೆತ್ತಿ ಮಹಾಸರ್ಪದೊಡನೆ ಸೆಣಸುತ್ತಿದ್ದಾನೆ. ಪುರಾಣದ ಪ್ರಕಾರ ಪ್ರಳಯದ ದಿನ ಥೋರ್ ಲೋಕವನ್ನೇ ಸುತ್ತಿಕೊಂಡ ಸರ್ಪವನ್ನು ಕೊಲ್ಲುತ್ತಾನೆ; ಆದರೆ ಅದರ ವಿಷ ತಗುಲಿ ಒಂಬತ್ತೇ ಹೆಜ್ಜೆ ನಡೆದು ತಾನೂ ಬೀಳುತ್ತಾನೆ. ವಜ್ರಾಯುಧದಿಂದ ವೃತ್ರನನ್ನು ಕೊಂದ ಇಂದ್ರನ ಕಥೆ ಬಲ್ಲವರಿಗೆ ಇದು ದೂರದ ನೆಂಟರ ಮನೆಯ ಸುದ್ದಿಯಂತೆ ಕೇಳುತ್ತದೆ.

ಈ ಆಲ್ಬಂ ಬಗ್ಗೆ ಕೇಳುಗರಲ್ಲಿ ಒಮ್ಮತವಿಲ್ಲ. ತಂಡದ ಶ್ರೇಷ್ಠ ಕೃತಿ ಇದೇ ಎನ್ನುವವರದ್ದು ದೊಡ್ಡ ಪಂಗಡ. ಗದ್ದಲದೊಳಗೂ ಗುನುಗಬಹುದಾದ ರಾಗವಿದೆ, ಡೆತ್ ಮೆಟಲ್‌ಗೆ ಹೆದರುವವನನ್ನೂ ಒಳಗೆ ಕರೆದುಕೊಳ್ಳುವ ಬಾಗಿಲು ಇದು ಎಂದು ಅವರು ವಾದಿಸುತ್ತಾರೆ. ಕಚೇರಿಗಳಲ್ಲಿ ಸಾವಿರಾರು ಜನ ನೆಲದ ಮೇಲೆ ಸಾಲಾಗಿ ಕುಳಿತು, ವೈಕಿಂಗ್ ಹಡಗಿನಲ್ಲಿದ್ದಂತೆ ಒಟ್ಟಿಗೆ ಹುಟ್ಟು ಹಾಕುವ ಅಭಿನಯ ಮಾಡುವುದನ್ನು ನೋಡಿದರೆ ಅವರ ಮಾತು ಉತ್ಪ್ರೇಕ್ಷೆಯೆನಿಸದು.

ಎರಡನೆಯ ಪಂಗಡ ಹಳಬರದ್ದು. 1998ರ ಮೊದಲ ಆಲ್ಬಂನ ಒರಟು ಸೊಗಸು ಇದರಲ್ಲಿಲ್ಲ, ಎಲ್ಲವನ್ನೂ ಉಜ್ಜಿ ನುಣುಪು ಮಾಡಿದ್ದಾರೆ ಎಂಬುದು ಅವರ ಕೊರಗು. ಮೂರನೆಯವರು ಇನ್ನೂ ಕಟುವಾಗಿ, ಹಾಡಿದ್ದೇ ಹಾಡೋ ಕಿಸಬಾಯಿದಾಸ ಎಂಬಂತೆ ಆಲ್ಬಂನಿಂದ ಆಲ್ಬಂಗೆ ಅದೇ ಕತ್ತಿ, ಅದೇ ಕಡಲು, ಅದೇ ತಾಳ ಎಂದು ಮೂಗು ಮುರಿಯುತ್ತಾರೆ. ಈ ಟೀಕೆಯಲ್ಲಿ ಹುರುಳಿಲ್ಲದಿಲ್ಲ. 2016ರ ‘ಯೋಮ್ಸ್‌ವೈಕಿಂಗ್’ ಆಲ್ಬಂನಲ್ಲಿ ತಂಡ ದೇವರುಗಳನ್ನು ಬದಿಗಿಟ್ಟು ಒಬ್ಬ ಮನುಷ್ಯನ ಕಥೆಯನ್ನು ಉದ್ದಕ್ಕೂ ಹೇಳಿದಾಗ, ಬೇಸತ್ತಿದ್ದ ಹಲವರು ಮತ್ತೆ ಕಿವಿಗೊಟ್ಟರು.

ಇನ್ನು ಹಣೆಪಟ್ಟಿಯ ಜಗಳ. ‘ವೈಕಿಂಗ್ ಮೆಟಲ್’ ಎಂಬುದು ಸಂಗೀತದ ಜಾತಿಯೇ, ಅಲ್ಲ ಹಾಡಿನ ವಸ್ತು ಮಾತ್ರವೇ? ಅದರ ಮೂಲ ಹುಡುಕುವವರು ಸ್ಟಾಕ್‌ಹೋಮಿನ ಬಾಥೊರಿ ತಂಡದ 1990ರ ‘ಹ್ಯಾಮರ್‌ಹಾರ್ಟ್’ ಕಡೆಗೆ ಬೆರಳು ತೋರಿಸುತ್ತಾರೆ. ತುಂಬಾದ ತಂಡದ್ದು ವೈಕಿಂಗರ ಕಥೆ ಹೇಳುವ ರಾಗಬದ್ಧ ಡೆತ್ ಮೆಟಲ್ ಅಷ್ಟೇ ಎಂಬುದು ಬಲ್ಲವರ ಮಾತು. ವೈಕಿಂಗರ ಕಾಲದ ಸಂಗೀತ ಹೇಗಿತ್ತೆಂದು ಬರೆದಿಟ್ಟ ಸ್ವರಲಿಪಿ ಇಲ್ಲದಿರುವಾಗ ಈ ಉತ್ತರವೇ ಸರಿಯೆನಿಸುತ್ತದೆ.

ಕಲ್ಲು ಹೇಳುವ ಕಥೆ

ಹಾಡು ಕೇಳಿ ಸ್ವೀಡನ್ನಿಗೆ ಬರುವ ಅಭಿಮಾನಿಗಳು ತುಂಬಾದಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಅವರ ಕಾಲು ಎಳೆಯುವುದು ಉತ್ತರಕ್ಕೆ, ಉಪ್ಸಾಲದ ಕಡೆಗೆ. ಆ ನಗರದ ಪಶ್ಚಿಮಕ್ಕಿರುವ ಆಲ್ಟುನಾ ಎಂಬಲ್ಲಿ 11ನೇ ಶತಮಾನದ ಒಂದು ರೂನ್ ಶಿಲೆ ಇದೆ. ಥೋರ್ ದೋಣಿಯಲ್ಲಿ ನಿಂತು ಗಾಳ ಹಾಕಿ ಮಹಾಸರ್ಪವನ್ನು ಎಳೆಯುತ್ತಿದ್ದಾನೆ. ಎಳೆತದ ರಭಸಕ್ಕೆ ಅವನ ಕಾಲು ದೋಣಿಯ ತಳ ಒಡೆದು ಕೆಳಗೆ ಇಳಿದಿದೆ. ಆಲ್ಬಂ ಮುಖಪುಟದ ಚಿತ್ರಕ್ಕೆ ಇದು ಸಾವಿರ ವರ್ಷ ಹಿರಿಯ ಅಣ್ಣ. ಗಾಮ್ಲಾ ಉಪ್ಸಾಲ, ಅಂದರೆ ಹಳೆಯ ಉಪ್ಸಾಲದಲ್ಲಿ, ಸುಮಾರು 6ನೇ ಶತಮಾನದ ಮೂರು ದೊಡ್ಡ ಸಮಾಧಿ ದಿಬ್ಬಗಳು ಹುಲ್ಲು ಹೊದ್ದು ಮಲಗಿವೆ. ಇಲ್ಲೊಂದು ದೇಗುಲವಿತ್ತು, ನಡುವೆ ಥೋರ್‌ನ ಮೂರ್ತಿಯಿತ್ತು ಎಂದು 1070ರ ದಶಕದಲ್ಲಿ ಬರೆದವನು ಬ್ರೆಮೆನ್‌ನ ಆಡಮ್ ಎಂಬ ಜರ್ಮನ್ ಪಾದ್ರಿ.

ಸ್ವೀಡನ್ನಿನಲ್ಲಿ ಸುಮಾರು 2,500 ರೂನ್ ಶಿಲೆಗಳಿವೆ. ಇಂಥವನು ತಂದೆಯ ನೆನಪಿಗೆ ಈ ಕಲ್ಲು ನಿಲ್ಲಿಸಿದ, ತಂದೆ ಪೂರ್ವದೇಶದಲ್ಲಿ ಮಡಿದ ಎಂಬ ಧಾಟಿಯ ಬರಹಗಳು ಅವುಗಳ ಮೇಲಿವೆ. ವೀರಗಲ್ಲುಗಳ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ರಣದಲ್ಲಿ ಬಿದ್ದವನನ್ನು ಅಪ್ಸರೆಯರು ಒಯ್ಯುವ ವೀರಸ್ವರ್ಗ ಇಲ್ಲಿ ಇರುವಂತೆ, ವಾಲ್ಕಿರಿಗಳು ಒಯ್ಯುವ ವಾಲ್ಹಾಲ ಅಲ್ಲಿದೆ. ಆದರೆ ಅಭಿಮಾನಿಗಳಿಗೆ ಅಚ್ಚರಿ ತರುವ ಸಂಗತಿಯೆಂದರೆ, ಈ ಶಿಲೆಗಳಲ್ಲಿ ಹೆಚ್ಚಿನವು ಕ್ರೈಸ್ತರವು. ಹಲವುಗಳ ಮೇಲೆ ಶಿಲುಬೆಯಿದೆ, ಸತ್ತವನ ಆತ್ಮಕ್ಕೆ ಪ್ರಾರ್ಥನೆಯಿದೆ. ಥೋರ್‌ನ ಕಥೆಗಳನ್ನು 13ನೇ ಶತಮಾನದಲ್ಲಿ ಬರೆದು ಉಳಿಸಿದ ಐಸ್ಲೆಂಡಿನ ಸ್ನೊರ್ರಿಯೂ ಕ್ರೈಸ್ತನೇ.

ಆಲ್ಬಂನ ಇನ್ನೊಂದು ಹಾಡು ಮಿಕ್ಲಗಾರ್ಡ್‌ಗೆ ಹೋದ ಯೋಧರದ್ದು. ಮಿಕ್ಲಗಾರ್ಡ್ ಎಂದರೆ ಕಾನ್‌ಸ್ಟಾಂಟಿನೋಪಲ್, ಈಗಿನ ಇಸ್ತಾಂಬುಲ್. ನದಿಗಳ ದಾರಿಯಲ್ಲಿ ಅಲ್ಲಿಗೆ ತಲುಪಿದ ಉತ್ತರದವರು ಚಕ್ರವರ್ತಿಯ ಅಂಗರಕ್ಷಕರಾಗಿದ್ದರು. ಹಾಗಿಯಾ ಸೋಫಿಯಾದ ಮಹಡಿಯ ಕಟಕಟೆಯ ಮೇಲೆ ಹಾಲ್ಫ್‌ದಾನ್ ಎಂಬವನ ಹೆಸರನ್ನು ರೂನ್ ಅಕ್ಷರದಲ್ಲಿ ಕೆತ್ತಿರುವುದು ಇಂದಿಗೂ ಇದೆ.

ಮೇಲಾರೆನ್ ಸರೋವರದ ಬಿರ್ಕಾ ದ್ವೀಪವನ್ನು ನೋಡದೆ ಈ ಪ್ರವಾಸ ಮುಗಿಯದು. ಬೇಸಿಗೆಯಲ್ಲಿ ಸ್ಟಾಕ್‌ಹೋಮಿನಿಂದ ದೋಣಿಗಳು ಹೋಗುತ್ತವೆ. ಸುಮಾರು 750ರಿಂದ 975ರವರೆಗೆ ಇದು ಗಿಜಿಗುಡುವ ವ್ಯಾಪಾರದ ಪಟ್ಟಣ. ಹಿಮಯುಗದ ಭಾರ ಇಳಿದ ನೆಲ ಇಲ್ಲಿ ಇಂದಿಗೂ ವರ್ಷಕ್ಕೆ ಕೆಲವು ಮಿಲಿಮೀಟರ್ ಮೇಲೇಳುತ್ತಿದೆ. ವೈಕಿಂಗರ ಕಾಲದಲ್ಲಿ ನೀರಿನ ಮಟ್ಟ ಈಗಿಗಿಂತ ಸುಮಾರು ಐದು ಮೀಟರ್ ಎತ್ತರದಲ್ಲಿತ್ತು, ಸರೋವರ ಆಗ ಕಡಲಿನ ಕೊಲ್ಲಿ. ಬಿರ್ಕಾದಲ್ಲಿ 19ನೇ ಶತಮಾನದಲ್ಲಿ ಕತ್ತಿ, ಕೊಡಲಿ, ಎರಡು ಕುದುರೆಗಳೊಡನೆ ಸಿಕ್ಕ ಯೋಧನ ಸಮಾಧಿಯ ಮೂಳೆಗಳನ್ನು ಡಿಎನ್ಎ ಪರೀಕ್ಷೆಗೆ ಒಳಪಡಿಸಿದಾಗ ಅದು ಹೆಣ್ಣಿನದೆಂದು 2017ರಲ್ಲಿ ಪ್ರಕಟವಾಯಿತು. ಹತ್ತಿರದ ಹೆಲ್ಗೊ ದ್ವೀಪದ ಅಗೆತದಲ್ಲಿ 1950ರ ದಶಕದಲ್ಲಿ ಸಿಕ್ಕಿದ್ದು, ಭಾರತ ಉಪಖಂಡದ ವಾಯವ್ಯ ಭಾಗದಲ್ಲಿ ಸುಮಾರು 6ನೇ ಶತಮಾನದಲ್ಲಿ ಎರಕ ಹೊಯ್ದ, ಅಂಗೈಯಲ್ಲಿ ಹಿಡಿಯುವಷ್ಟು ಪುಟ್ಟ ಬುದ್ಧ. ಈಗ ಅವನು ಸ್ಟಾಕ್‌ಹೋಮಿನ ಇತಿಹಾಸ ಮ್ಯೂಸಿಯಮ್ಮಿನಲ್ಲಿ ಕುಳಿತಿದ್ದಾನೆ. ಇನ್ನು ಕೊಂಬಿನ ಶಿರಸ್ತ್ರಾಣ ಹುಡುಕುವವರಿಗೆ ನಿರಾಸೆ ಕಾದಿದೆ. ವೈಕಿಂಗರು ಅದನ್ನು ತೊಟ್ಟದ್ದಕ್ಕೆ ಸಾಕ್ಷ್ಯವಿಲ್ಲ. ಅದು ಜನಪ್ರಿಯವಾದದ್ದು 1876ರಲ್ಲಿ ಜರ್ಮನಿಯಲ್ಲಿ ವಾಗ್ನರನ ಸಂಗೀತ ನಾಟಕಕ್ಕೆ ಹೊಲಿದ ವೇಷಭೂಷಣದಿಂದ.

ಸುತ್ತಿಗೆ ಯಾರದು?

ಕೇಳುಗರ ಚರ್ಚೆ ರಾಗತಾಳದಲ್ಲೇ ಮುಗಿಯುವುದಿಲ್ಲ. ಜರ್ಮನಿಯ ನಾಜಿಗಳು ರೂನ್ ಅಕ್ಷರಗಳನ್ನು ತಮ್ಮ ಸಮವಸ್ತ್ರಕ್ಕೆ ಹೊಲಿದುಕೊಂಡರು. ಇಂದಿಗೂ ಜನಾಂಗದ್ವೇಷದ ಗುಂಪುಗಳು ಥೋರ್‌ನ ಸುತ್ತಿಗೆಯನ್ನು, ರೂನ್‌ಗಳನ್ನು ತಮ್ಮ ಗುರುತಾಗಿಸಿಕೊಳ್ಳುತ್ತವೆ. ನೆರೆಯ ನಾರ್ವೆಯಲ್ಲಿ ಬ್ಲ್ಯಾಕ್ ಮೆಟಲ್ ವಲಯದ ಕೆಲವರು ಹಳೆಯ ಧರ್ಮದ ಹೆಸರೆತ್ತಿ ಚರ್ಚುಗಳಿಗೆ ಬೆಂಕಿ ಇಟ್ಟರು. 1992ರಲ್ಲಿ ಬೂದಿಯಾದ ಫಾಂಟೊಫ್ಟ್‌ನ ಮರದ ಚರ್ಚನ್ನು ಮತ್ತೆ ಕಟ್ಟಬೇಕಾಯಿತು. ಹೀಗಿರುವಾಗ ಕೊರಳಲ್ಲಿ ಪುಟ್ಟ ಸುತ್ತಿಗೆ ತೂಗಿಸಿಕೊಂಡ ಅಮಾಯಕ ಅಭಿಮಾನಿಯನ್ನು ಬೀದಿಯಲ್ಲಿ ಜನ ಅನುಮಾನದಿಂದ ನೋಡಿದರೆ ಅದು ಅವರ ತಪ್ಪೆನ್ನಲಾಗದು. ಆದ್ದರಿಂದಲೇ ಈ ಚಿಹ್ನೆಗಳನ್ನು ದ್ವೇಷಿಗಳಿಗೆ ಬಿಟ್ಟುಕೊಡಬಾರದು, ಎಲ್ಲರೂ ಹಾಡುವಂತೆ ಇರಿಸಬೇಕು ಎಂಬುದು ಕೇಳುಗರಲ್ಲಿ ಹಲವರ ವಾದ. ಕತ್ತಿಯನ್ನು ಇಷ್ಟು ಕೊಂಡಾಡಿದರೆ, 793ರಲ್ಲಿ ಲಿಂಡಿಸ್‌ಫಾರ್ನ್ ಮಠದಲ್ಲಿ ಆ ಕತ್ತಿಗೆ ಬಲಿಯಾದ ಸನ್ಯಾಸಿಗಳ ಕಥೆ ಹೇಳುವವರು ಯಾರು ಎಂದು ಕೇಳುವವರೂ ಇದ್ದಾರೆ.

ಈ ಪ್ರಶ್ನೆಗೆ ತುಂಬಾದ ಸುತ್ತಮುತ್ತಲೇ ಒಂದು ಬಗೆಯ ಉತ್ತರವಿದೆ. ಊರು ಸೇರಿರುವುದು ಬೋಟ್‌ಶಿರ್ಕಾ ಪೌರಾಡಳಿತಕ್ಕೆ. ಆ ಹೆಸರಿನ ಅರ್ಥ ಬೋಟ್ವಿಡ್‌ನ ಚರ್ಚು. ಬೋಟ್ವಿಡ್ ಈ ಸೀಮೆಯವನೇ. ಇಂಗ್ಲೆಂಡಿನಲ್ಲಿ ಕ್ರೈಸ್ತನಾಗಿ ಮರಳಿದ ಅವನು ಒಬ್ಬ ಗುಲಾಮನನ್ನು ಕೊಂಡು ಬಿಡುಗಡೆ ಮಾಡಿ ಅವನ ನಾಡಿಗೆ ಮುಟ್ಟಿಸಲು ಹೊರಟನಂತೆ. ಸುಮಾರು 1120ರಲ್ಲಿ ಆ ಗುಲಾಮನ ಕೈಯಿಂದಲೇ ಹತನಾದನಂತೆ. ವೈಕಿಂಗರ ಸಂಪತ್ತಿನಲ್ಲಿ ಗುಲಾಮರ ವ್ಯಾಪಾರದ ಪಾಲು ದೊಡ್ಡದಿತ್ತು ಎಂಬುದನ್ನು ಈ ಕಥೆ ನೆನಪಿಸುತ್ತದೆ. ಇಂದು ಬೋಟ್‌ಶಿರ್ಕಾದ ನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹೊರದೇಶದ ಮೂಲದವರು. ಅಲ್ಲಿನ ಫಿಟ್ಯಾ ಬಡಾವಣೆಯ ಮಸೀದಿಯಿಂದ 2013ರಲ್ಲಿ, ಸ್ವೀಡನ್ನಿನಲ್ಲೇ ಮೊದಲ ಬಾರಿಗೆ, ಸಾರ್ವಜನಿಕವಾಗಿ ಬಾಂಗ್ ಕೇಳಿಸಿತು. ಥೋರ್‌ನ ಹಾಡು ಲೋಕಕ್ಕೆ ಹೋದದ್ದು ಇಂಥ ನೆರೆಹೊರೆಯಿಂದ. ತಂಡದ ಗಿಟಾರ್ ವಾದಕ ಓಲಾವಿ ಮಿಕ್ಕೊನೆನ್ ಅವರ ಹೆಸರೇ ಫಿನ್ನಿಶ್.

ಥೋರ್‌ನನ್ನು ಅನ್ಯರ ದೇವರೆಂದು ಬದಿಗಿಡುವುದು ಭಾರತೀಯರಿಗೂ ಸುಲಭವಲ್ಲ. ರೋಮನ್ನರು ಗುರುಗ್ರಹಕ್ಕೆ ಕೊಟ್ಟಿದ್ದ ವಾರವನ್ನು ಉತ್ತರದವರು ಥೋರ್‌ಗೆ ಒಪ್ಪಿಸಿದರು. ಹೀಗಾಗಿ ಇಲ್ಲಿ ಗುರುವಾರವಾದದ್ದು ಅಲ್ಲಿ ಟೂರ್ಸ್‌ಡಾಗ್. ಸ್ವೀಡನ್ನಿನ ರಸಾಯನ ವಿಜ್ಞಾನಿ ಬರ್ಸೀಲಿಯಸ್ 1829ರಲ್ಲಿ ತಾನು ಗುರುತಿಸಿದ ಮೂಲವಸ್ತುವಿಗೆ ಥೋರಿಯಂ ಎಂದು ಹೆಸರಿಟ್ಟ. ಕೇರಳದ ಕಡಲ ಮರಳಿನಲ್ಲಿ ಅಡಗಿರುವ ಥೋರಿಯಂ ಅದೇ.

ಹೋಗಬಯಸುವವರಿಗೆ ಮೇ ತಿಂಗಳಿಂದ ಸೆಪ್ಟೆಂಬರ್ ಒಳ್ಳೆಯ ಕಾಲ. ಬಿರ್ಕಾಕ್ಕೆ ಒಂದು ದಿನ, ಉಪ್ಸಾಲಕ್ಕೆ ಒಂದು ದಿನ ಇಟ್ಟುಕೊಂಡರೆ, ತುಂಬಾಕ್ಕೆ ಒಂದು ಮಧ್ಯಾಹ್ನ ಸಾಕು. ಹಾಡನ್ನು ಮೊದಲೇ ಕೇಳಿಕೊಂಡು ಹೋಗುವುದು ಒಳಿತು; ರೈಲಿನಲ್ಲಿ ಜೋರಾಗಿ ಹಾಕಿದರೆ ಮೌನಪ್ರಿಯರಾದ ಸ್ವೀಡನ್ನರು ಖಂಡಿತ ತಿರುಗಿ ನೋಡುತ್ತಾರೆ.