ಒಂದು ಸಂಬಳ ಮನೆಗೆ, ಇನ್ನೊಂದು ಕಲೆಗೆ

ಹರ್ಬರ್ಟ್ ವೋಗೆಲ್ ನ್ಯೂಯಾರ್ಕಿನ ಅಂಚೆ ಇಲಾಖೆಯಲ್ಲಿ ರಾತ್ರಿ ಪಾಳಿಯಲ್ಲಿ ಕಾಗದ ವಿಂಗಡಿಸುತ್ತಿದ್ದ ಗುಮಾಸ್ತ. ಹೆಂಡತಿ ಡೊರೊತಿ ಬ್ರೂಕ್ಲಿನ್ ಸಾರ್ವಜನಿಕ ಗ್ರಂಥಾಲಯದಲ್ಲಿ ಗ್ರಂಥಪಾಲಕಿ. 1962ರಲ್ಲಿ ಮದುವೆಯಾದ ಈ ದಂಪತಿ ಡೊರೊತಿಯ ಸಂಬಳದಲ್ಲಿ ಸಂಸಾರ ನಡೆಸಿ, ಹರ್ಬರ್ಟರ ಸಂಬಳವನ್ನು ಪೂರ್ತಿ ಕಲಾಕೃತಿಗಳಿಗೆ ಇಟ್ಟರು.

ಕೊಳ್ಳಲು ಎರಡೇ ನಿಯಮ: ಬೆಲೆ ಕೈಗೆಟುಕಬೇಕು, ಮ್ಯಾನ್‌ಹಟನ್ನಿನ ತಮ್ಮ ಒಂದು ಮಲಗುವ ಕೋಣೆಯ ಬಾಡಿಗೆ ಮನೆಯಲ್ಲಿ ಹಿಡಿಸಬೇಕು. ಪಾಪ್ ಕಲೆ ಆಗಲೇ ದುಬಾರಿ. ಹಾಗಾಗಿ ಇನ್ನೂ ಯಾರೂ ಹೆಚ್ಚು ಕೊಳ್ಳದಿದ್ದ ಮಿನಿಮಲಿಸ್ಟ್, ಕಾನ್ಸೆಪ್ಚುವಲ್ ಕಲಾವಿದರ ಸ್ಟುಡಿಯೋಗಳಿಗೆ ಹೋದರು, ಕಂತಿನಲ್ಲಿ ದುಡ್ಡು ಕೊಟ್ಟರು. ಅಂಥ ಕಲಾವಿದರಲ್ಲೊಬ್ಬರಾದ ಸಾಲ್ ಲೆವಿಟ್ ದಂಪತಿಯ ಸ್ನೇಹಿತರಾದರು. ಕಲಾವಿದ ದಂಪತಿ ಕ್ರಿಸ್ಟೋ ಮತ್ತು ಜೀನ್ ಕ್ಲಾಡ್ ಊರಲ್ಲಿಲ್ಲದಾಗ ಅವರ ಬೆಕ್ಕನ್ನು ನೋಡಿಕೊಂಡು, ಅದಕ್ಕೆ ಪ್ರತಿಯಾಗಿ ಒಂದು ಕೃತಿ ಪಡೆದರು! ಮಂಚದ ಕೆಳಗೆ, ಗೋಡೆಗಳ ಮೇಲೆ, ಸ್ನಾನದ ಮನೆಯಲ್ಲೂ ಕಲೆ ತುಂಬಿಕೊಂಡಿತು. ಆ ಕಲಾವಿದರ ಬೆಲೆ ಗಗನಕ್ಕೇರಿದ ಮೇಲೂ ಒಂದನ್ನೂ ಮಾರಲಿಲ್ಲ.

ಸಂಗ್ರಹ ಕೊನೆಗೆ 4,000 ಕೃತಿಗಳನ್ನು ದಾಟಿತು.

1992ರಲ್ಲಿ ಅದನ್ನು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಗೆ ಒಪ್ಪಿಸಲು ತೀರ್ಮಾನಿಸಿದರು. ಅಲ್ಲಿ ಪ್ರವೇಶ ಉಚಿತ, ಬಂದ ಕೃತಿಗಳನ್ನು ಮಾರುವುದಿಲ್ಲ. ಸರ್ಕಾರಿ ಸಂಬಳದಲ್ಲಿ ಬದುಕಿದವರು ಅದನ್ನು ಜನರಿಗೇ ಮರಳಿಸಲು ಬಯಸಿದ್ದು ದೊಡ್ಡ ಮನಸ್ಸು. ಗ್ಯಾಲರಿ ಕೊಟ್ಟ ವರ್ಷಾಶನದಲ್ಲೂ ಮತ್ತೆ ಕಲೆಯನ್ನೇ ಕೊಂಡರು. 2008ರಲ್ಲಿ ಈ ಸಂಗ್ರಹದಿಂದ ಅಮೆರಿಕದ 50 ರಾಜ್ಯಗಳ ತಲಾ ಒಂದು ಸಂಸ್ಥೆಗೆ 50 ಕೃತಿಗಳಂತೆ ಹಂಚುವ ಯೋಜನೆ ಶುರುವಾಯಿತು.

ಹರ್ಬರ್ಟ್ 2012ರಲ್ಲಿ ತೀರಿಕೊಂಡರು. ಮೆಗುಮಿ ಸಸಾಕಿ ನಿರ್ದೇಶಿಸಿದ ‘ಹರ್ಬ್ ಅಂಡ್ ಡೊರೊತಿ’ ಸಾಕ್ಷ್ಯಚಿತ್ರ ಸಿಕ್ಕರೆ ತಪ್ಪದೆ ನೋಡಿ.