ವಿಮಾನಗಳು ದಾಟಿ ಹೋದ ಊರು

ಕೆನಡಾದ ಪೂರ್ವ ತುದಿಯಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಮುಖ ಮಾಡಿ ನಿಂತಿರುವ ದೊಡ್ಡ ದ್ವೀಪದ ಹೆಸರು ನ್ಯೂಫೌಂಡ್‌ಲ್ಯಾಂಡ್. ಅದರ ಒಳಭಾಗದಲ್ಲಿ, ಕಾಡು ಮತ್ತು ಸರೋವರದ ಪಕ್ಕದಲ್ಲಿ, ಗ್ಯಾಂಡರ್ ಎಂಬ ಪುಟ್ಟ ಪಟ್ಟಣವಿದೆ. ಜನಸಂಖ್ಯೆ ಹನ್ನೆರಡು ಸಾವಿರದಷ್ಟು. ನಮ್ಮ ಒಂದು ಹೋಬಳಿ ಊರಿನಷ್ಟು ಎನ್ನಬಹುದು. ಆದರೆ ಅಲ್ಲಿನ ರನ್‌ವೇ ನೋಡಿದರೆ ಯಾವುದೋ ಮಹಾನಗರದ ವಿಮಾನ ನಿಲ್ದಾಣವೆಂದು ಭ್ರಮೆಯಾಗುತ್ತದೆ. ಬೀದಿಗಳಿಗೆ ಆಲ್ಕಾಕ್, ಲಿಂಡ್‌ಬರ್ಗ್, ಇಯರ್‌ಹಾರ್ಟ್ ಎಂದು ವಿಮಾನ ಹಾರಿಸಿದವರ ಹೆಸರುಗಳು. ಇಷ್ಟು ಚಿಕ್ಕ ಊರಿಗೆ ಇಷ್ಟು ದೊಡ್ಡ ನಿಲ್ದಾಣ ಯಾಕೆ? ಒಂದು ಕಾಲದಲ್ಲಿ ಯುರೋಪಿನಿಂದ ಅಮೆರಿಕಕ್ಕೆ ಹೋಗುವವರು ಬಹುಪಾಲು ಇಲ್ಲಿ ಇಳಿದೇ ಹೋಗಬೇಕಿತ್ತು, ಅದಕ್ಕೆ.

ಇಯರ್‌ಹಾರ್ಟ್ ಎಂದರೆ ಅಮೀಲಿಯಾ ಇಯರ್‌ಹಾರ್ಟ್. 1932ರ ಮೇ ತಿಂಗಳಲ್ಲಿ ಇದೇ ದ್ವೀಪದ ಹಾರ್ಬರ್ ಗ್ರೇಸ್ ಎಂಬಲ್ಲಿಂದ ಒಬ್ಬಳೇ ಹೊರಟು, ಸುಮಾರು 15 ಗಂಟೆ ಹಾರಿ, ಉತ್ತರ ಐರ್ಲೆಂಡಿನ ಒಂದು ಹುಲ್ಲುಗಾವಲಿನಲ್ಲಿ ಇಳಿದ ಮಹಿಳೆ. ಅಟ್ಲಾಂಟಿಕನ್ನು ಒಂಟಿಯಾಗಿ ವಿಮಾನದಲ್ಲಿ ದಾಟಿದ ಮೊದಲ ಹೆಣ್ಣು. ಭೂಪಟ ಬಿಡಿಸಿ ನೋಡಿದರೆ ಆಕೆ ಅಲ್ಲಿಂದಲೇ ಹೊರಟದ್ದೇಕೆ ಎಂದು ತಿಳಿಯುತ್ತದೆ. ಅಮೆರಿಕದ ಕಡೆಯಿಂದ ಯುರೋಪಿಗೆ ತೀರಾ ಹತ್ತಿರದ ನೆಲಗಳಲ್ಲಿ ಇದೂ ಒಂದು.

ಎಲ್ಲರೂ ಇಳಿಯುತ್ತಿದ್ದ ಕಾಲ

ಗ್ಯಾಂಡರ್ ನಿಲ್ದಾಣದಲ್ಲಿ ಮೊದಲ ವಿಮಾನ ಇಳಿದದ್ದು 1938ರ ಜನವರಿಯಲ್ಲಿ. ಎರಡನೇ ಮಹಾಯುದ್ಧದಲ್ಲಿ ಸಾವಿರಾರು ಯುದ್ಧ ವಿಮಾನಗಳು ಇಲ್ಲಿಂದ ಬ್ರಿಟನ್ನಿಗೆ ಹಾರಿದವು. ಯುದ್ಧ ಮುಗಿದ ಮೇಲೆ ಪ್ರಯಾಣಿಕರ ಸರದಿ. ಆ ಕಾಲದ ಪಂಖದ ವಿಮಾನಗಳಿಗೆ ಲಂಡನ್‌ನಿಂದ ನ್ಯೂಯಾರ್ಕ್‌ವರೆಗೆ ಒಂದೇ ಉಸಿರಿಗೆ ಹಾರುವಷ್ಟು ಇಂಧನ ಸಾಲುತ್ತಿರಲಿಲ್ಲ. ಪಶ್ಚಿಮಕ್ಕೆ ಹೋಗುವಾಗ ಎದುರುಗಾಳಿ ಬೇರೆ. ಹಾಗಾಗಿ ಈ ಕಡೆ ಐರ್ಲೆಂಡಿನ ಶಾನನ್, ಆ ಕಡೆ ಗ್ಯಾಂಡರ್, ನಡುವೆ ಸುಮಾರು 3,200 ಕಿ.ಮೀ. ಸಮುದ್ರ. ಶಾನನ್‌ನಲ್ಲಿ ಟ್ಯಾಂಕ್ ತುಂಬಿಸಿ ಹೊರಟವರು ಗ್ಯಾಂಡರ್‌ನಲ್ಲಿ ಇಳಿದು ಮತ್ತೆ ತುಂಬಿಸಿ ಮುಂದೆ ಹೋಗುತ್ತಿದ್ದರು. ರಾಜರು, ಸಿನೆಮಾ ತಾರೆಯರು, ನಿರಾಶ್ರಿತರು ಎಲ್ಲರೂ ಒಂದೇ ಕೊಠಡಿಯಲ್ಲಿ ಕುಳಿತು ಕಾಯುತ್ತಿದ್ದರು.

1959ರ ಜೂನ್‌ನಲ್ಲಿ ಹೊಸ ಟರ್ಮಿನಲ್ ಕಟ್ಟಡವನ್ನು ರಾಣಿ ಎರಡನೇ ಎಲಿಜಬೆತ್ ಉದ್ಘಾಟಿಸಿದರು. ನುಣುಪಾದ ನೆಲ, ಒಳ್ಳೆಯ ಸೋಫಾಗಳು, ಗೋಡೆಯ ಉದ್ದಕ್ಕೂ ಒಂದು ದೊಡ್ಡ ಚಿತ್ರ. ಆದರೆ ಊರಿನ ಅದೃಷ್ಟ ನೋಡಿ. ಅದಕ್ಕೂ ಎಂಟು ತಿಂಗಳ ಮುಂಚೆ, 1958ರ ಅಕ್ಟೋಬರ್‌ನಲ್ಲಿಯೇ, ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟಲು ಶುರು ಮಾಡಿದ್ದವು. ಮೊದಮೊದಲು ಅವೂ ಗ್ಯಾಂಡರ್‌ನಲ್ಲಿ ಇಳಿದವು. ಕೆಲವೇ ವರ್ಷಗಳಲ್ಲಿ ಇನ್ನೂ ದೂರ ಹಾರುವ ಜೆಟ್‌ಗಳು ಬಂದವು. ಅವುಗಳಿಗೆ ಇಳಿಯುವ ಅಗತ್ಯವೇ ಇರಲಿಲ್ಲ.

ಹೆದ್ದಾರಿಗೆ ಬೈಪಾಸ್ ಬಂದ ಮೇಲೆ ಹಳೆಯ ಪೇಟೆಯ ಹೋಟೆಲುಗಳಿಗೆ ಏನಾಗುತ್ತದೆ ಎಂಬುದನ್ನು ನಾವೆಲ್ಲ ಕಂಡಿದ್ದೇವೆ. ಬಸ್ಸು ನಿಲ್ಲುವುದಿಲ್ಲ, ಚಹಾದ ಪಾತ್ರೆ ತಣ್ಣಗಾಗುತ್ತದೆ. ಗ್ಯಾಂಡರ್‌ಗೆ ಬಂದ ಬೈಪಾಸ್ ಆಕಾಶದಲ್ಲಿತ್ತು. ಅದರ ನಂತರವೂ ಕೆಲವು ದಶಕ ಸೋವಿಯತ್ ಒಕ್ಕೂಟ, ಪೂರ್ವ ಜರ್ಮನಿ ಮತ್ತು ಕ್ಯೂಬಾದ ವಿಮಾನಗಳು ಇಂಧನಕ್ಕಾಗಿ ಇಳಿಯುತ್ತಿದ್ದವು. ಶೀತಲ ಸಮರ ಮುಗಿದ ಮೇಲೆ ಅದೂ ನಿಂತಿತು.

ಸಮುದ್ರದ ಆಚೆಯ ಜೊತೆಗಾರ

ಶಾನನ್ ಬೇರೆ ದಾರಿ ಹಿಡಿಯಿತು. ಇಂಧನಕ್ಕಾಗಿ ನಿಂತವರ ಕೈಗೆ ಏನಾದರೂ ಮಾರೋಣ ಎಂದು 1947ರಲ್ಲಿ ಅಲ್ಲಿ ತೆರಿಗೆಯಿಲ್ಲದ ಅಂಗಡಿ ತೆರೆದರು. ಜಗತ್ತಿನ ಮೊದಲ ಡ್ಯೂಟಿ ಫ್ರೀ ನಿಲ್ದಾಣ ಅದು. 1983ರಲ್ಲಿ ದುಬೈ ಡ್ಯೂಟಿ ಫ್ರೀ ಶುರುವಾದಾಗ ಅದನ್ನು ಕಟ್ಟಲು ನೆರವಾದವರು ಐರ್ಲೆಂಡಿನವರೇ. ಗಲ್ಫ್‌ನಿಂದ ರಜೆಗೆ ಬರುವ ಅಣ್ಣನೋ, ಗಂಡನೋ ತರುವ ಚಾಕಲೇಟಿನ ಹಳದಿ ಚೀಲವನ್ನು ಬಿಚ್ಚುವಾಗ ನಮ್ಮ ಮನೆಯ ಮಕ್ಕಳಿಗೆ ಗೊತ್ತಿರುವುದಿಲ್ಲ, ಆ ಅಂಗಡಿಯ ಮೂಲ ಅಟ್ಲಾಂಟಿಕ್ ದಡದ ಒಂದು ತಂಗುದಾಣದಲ್ಲಿದೆ ಎಂದು.

ಐರ್ಲೆಂಡ್ ಸರಕಾರ ಶಾನನ್‌ಗೆ ಕಾನೂನಿನ ಆಸರೆಯನ್ನೂ ಕೊಟ್ಟಿತ್ತು. ಅಮೆರಿಕದ ವಿಮಾನಗಳು ಅಲ್ಲಿ ನಿಲ್ಲಬೇಕೆಂಬ ನಿಯಮ ಸಡಿಲಗೊಳ್ಳುತ್ತಾ ಬಂದು 2008ರಲ್ಲಿ ಪೂರ್ತಿ ರದ್ದಾಯಿತು. ಇನ್ನು ಶಾನನ್ ಕಥೆ ಮುಗಿಯಿತು ಎಂದವರಿದ್ದರು. ಮುಗಿಯಲಿಲ್ಲ. 2009ರಲ್ಲಿ ಬ್ರಿಟಿಷ್ ಏರ್‌ವೇಸ್ ಲಂಡನ್ ನಗರದೊಳಗಿನ ಚಿಕ್ಕ ನಿಲ್ದಾಣದಿಂದ ನ್ಯೂಯಾರ್ಕ್‌ಗೆ ವಿಮಾನ ಹಾಕಿತು. ರನ್‌ವೇ ಗಿಡ್ಡ, ಟ್ಯಾಂಕ್ ತುಂಬಿಸಿ ಏರುವಂತಿಲ್ಲ. ಹಾಗಾಗಿ ಹೋಗುವಾಗ ಶಾನನ್‌ನಲ್ಲಿ ನಿಲ್ಲಿಸಿದರು. ಇಂಧನ ತುಂಬುವಷ್ಟರಲ್ಲಿ ಅಮೆರಿಕದ ವಲಸೆ ತಪಾಸಣೆ ಅಲ್ಲಿಯೇ ಮುಗಿಯುತ್ತಿತ್ತು. ನ್ಯೂಯಾರ್ಕ್‌ನಲ್ಲಿ ಸಾಲು ನಿಲ್ಲಬೇಕಾಗಿರಲಿಲ್ಲ. ಅರವತ್ತು ವರ್ಷ ಹಳೆಯ ತಂಗುದಾಣಕ್ಕೆ ಹೊಸ ಉಪಯೋಗ ಸಿಕ್ಕಿತು. 2020ರಲ್ಲಿ ಕೊರೋನ ಬಂದಾಗ ಆ ಸೇವೆಯೂ ಕೊನೆಯಾಯಿತು.

ಕರೆಯದೆ ಬಂದ ಅತಿಥಿಗಳು

ಗ್ಯಾಂಡರ್‌ಗೆ ಮಾತ್ರ ವಿಮಾನಗಳು ಒಮ್ಮೆ ಮರಳಿ ಬಂದವು, ಅದೂ ಯಾರೂ ಬಯಸದ ದಿನ. 2001ರ ಸೆಪ್ಟೆಂಬರ್ 11ರಂದು ಅಮೆರಿಕ ತನ್ನ ಆಕಾಶವನ್ನು ಮುಚ್ಚಿತು. ಸಾಗರದ ಮೇಲಿದ್ದ ವಿಮಾನಗಳು ಎಲ್ಲಿ ಇಳಿಯಬೇಕು? 38 ವಿಮಾನಗಳು, ಸುಮಾರು 6,600 ಪ್ರಯಾಣಿಕರು ಗ್ಯಾಂಡರ್‌ನಲ್ಲಿ ಇಳಿದರು. ಆಗ ಊರಿನ ಜನ ಹತ್ತು ಸಾವಿರಕ್ಕಿಂತ ಕಡಿಮೆ. ಕೆಲವರು ಒಂದು ದಿನಕ್ಕೂ ಹೆಚ್ಚು ಹೊತ್ತು ವಿಮಾನದೊಳಗೇ ಇರಬೇಕಾಯಿತು. ಅಂಥ ಒಂದು ವಿಮಾನದ ಕ್ಯಾಪ್ಟನ್ ಬೆವರ್ಲಿ ಬಾಸ್ ಎಂಬ ಮಹಿಳೆ, 1986ರಲ್ಲಿ ಅಮೆರಿಕನ್ ಏರ್‌ಲೈನ್ಸ್‌ನ ಮೊದಲ ಮಹಿಳಾ ಕ್ಯಾಪ್ಟನ್ ಆದವರು.

ಶಾಲಾ ಬಸ್ಸುಗಳ ಚಾಲಕರು ಆ ವೇಳೆ ಮುಷ್ಕರದಲ್ಲಿದ್ದರು. ಮುಷ್ಕರ ಬದಿಗಿಟ್ಟು ಸ್ಟಿಯರಿಂಗ್ ಹಿಡಿದರು. ಶಾಲೆ, ಚರ್ಚು, ಸಭಾಭವನಗಳು ತಂಗುವ ಜಾಗಗಳಾದವು. ಮನೆಮನೆಯ ಹೆಂಗಸರು ಬೇಯಿಸಿ ತಂದ ಅಡುಗೆ ಇಡಲು ಜಾಗ ಸಾಲದೆ ಹಿಮದ ಆಟದ ಅಂಗಣವನ್ನೇ ಫ್ರಿಜ್ ಮಾಡಿಕೊಂಡರು. ಸ್ನಾನಕ್ಕೆ ಮನೆಯ ಬಾಗಿಲು ತೆರೆದಿಟ್ಟರು. ಪಕ್ಕದ ಊರಾದ ಲೂಯಿಸ್‌ಪೋರ್ಟ್‌ನಲ್ಲಿ ತಂಗಿದ್ದ ಡೆಲ್ಟಾ ವಿಮಾನದ ಪ್ರಯಾಣಿಕರು ಹೋಗುವಾಗ ಹಣ ಸೇರಿಸಿ, ಆ ಊರಿನ ಮಕ್ಕಳ ಓದಿಗಾಗಿ ವಿದ್ಯಾರ್ಥಿವೇತನ ನಿಧಿ ಮಾಡಿದರು.

ಈ ದಿನಗಳನ್ನು ಆಧರಿಸಿದ ‘ಕಮ್ ಫ್ರಮ್ ಅವೇ’ ಎಂಬ ಸಂಗೀತ ನಾಟಕ 2017ರಲ್ಲಿ ನ್ಯೂಯಾರ್ಕ್‌ನ ಬ್ರಾಡ್‌ವೇ ರಂಗಭೂಮಿಗೆ ಬಂತು. ಅದರಲ್ಲಿ ಒಬ್ಬ ಮುಸ್ಲಿಂ ಪ್ರಯಾಣಿಕನಿದ್ದಾನೆ. ದೊಡ್ಡ ಹೋಟೆಲಿನ ಬಾಣಸಿಗ. ಸಹಪ್ರಯಾಣಿಕರೇ ಅವನನ್ನು ಸಂಶಯದಿಂದ ನೋಡುತ್ತಾರೆ, ವಿಮಾನ ಹತ್ತುವ ಮುನ್ನ ಅವಮಾನಕರ ತಪಾಸಣೆ ನಡೆಯುತ್ತದೆ. ಅತಿಥಿ ಸತ್ಕಾರದ ಕಥೆಯಲ್ಲೂ ಆ ನೋವನ್ನು ಮುಚ್ಚಿಡದಿರುವುದು ನಾಟಕದ ಪ್ರಾಮಾಣಿಕತೆ. ಝಕಾತಿನ ಹಕ್ಕುದಾರರ ಪಟ್ಟಿಯಲ್ಲಿ ‘ಇಬ್ನುಸ್ಸಬೀಲ್’ ಎಂದರೆ ದಾರಿಹೋಕ ಯಾಕಿದ್ದಾನೆ ಎಂದು ಮಕ್ಕಳು ಕೇಳುವುದುಂಟು. ಊರಿನಲ್ಲಿ ಶ್ರೀಮಂತನಾದವನೂ ದಾರಿಯಲ್ಲಿ ನಿರ್ಗತಿಕನಾಗಬಹುದು ಎಂಬುದಕ್ಕೆ ಗ್ಯಾಂಡರ್‌ನ ಆ ದಿನಗಳಿಗಿಂತ ಒಳ್ಳೆಯ ಉದಾಹರಣೆ ಸಿಗದು.

ಮರಳಿ ಬರುವವೇ?

ಇಂಧನಕ್ಕಾಗಿ ನಿಲ್ಲುವ ಆ ಹಳೆಯ ಮಾರ್ಗ ಮರಳುವುದಿಲ್ಲ. ಪ್ರತಿ ಇಳಿಯುವಿಕೆಯೂ ಹಣ ಮತ್ತು ಹೊತ್ತು ತಿನ್ನುತ್ತದೆ. ಇಂದು ಗ್ಯಾಂಡರ್‌ಗೆ ಬರುವುದು ದೇಶದೊಳಗಿನ ವಿಮಾನಗಳು, ಖಾಸಗಿ ಜೆಟ್‌ಗಳು, ಸೇನೆಯವು, ಹಾರಾಟದ ನಡುವೆ ಯಾರಿಗಾದರೂ ಎದೆನೋವು ಬಂದರೆ ತುರ್ತಾಗಿ ಇಳಿಯುವವು.

ಆದರೆ ಚಿಕ್ಕ ಊರುಗಳ ನೇರ ಮಾರ್ಗಗಳಿಗೆ ಆಸೆ ಇದೆ. ಹಿಂದೆ ಸಾಗರ ದಾಟಲು ಹೆಚ್ಚಾಗಿ ದೊಡ್ಡ ವಿಮಾನವೇ ಬೇಕಿತ್ತು, ಅದನ್ನು ತುಂಬಲು ಮುನ್ನೂರರಷ್ಟು ಜನ ಬೇಕಿತ್ತು. ಈಗ ಏರ್‌ಬಸ್ ಎ321 ಎಕ್ಸ್‌ಎಲ್‌ಆರ್‌ನಂಥ ಚಿಕ್ಕ ವಿಮಾನ ಸುಮಾರು 8,700 ಕಿ.ಮೀ. ಹಾರಬಲ್ಲದು. 2024ರ ನವೆಂಬರ್‌ನಲ್ಲಿ ಐಬೇರಿಯಾ ಸಂಸ್ಥೆ ಅದನ್ನು ಮ್ಯಾಡ್ರಿಡ್‌ನಿಂದ ಬೋಸ್ಟನ್‌ಗೆ ಹಾರಿಸಿತು. ಗ್ಯಾಂಡರ್ ಇರುವ ದ್ವೀಪದ ರಾಜಧಾನಿ ಸೇಂಟ್ ಜಾನ್ಸ್‌ನಿಂದ ಲಂಡನ್‌ಗೆ ಇದ್ದ ನೇರ ಸೇವೆ, 2019ರಲ್ಲಿ ಬೋಯಿಂಗ್ 737 ಮ್ಯಾಕ್ಸ್ ವಿಮಾನಗಳನ್ನು ಜಗತ್ತಿನಾದ್ಯಂತ ನೆಲಕ್ಕಿಳಿಸಿದಾಗ ನಿಂತಿತು. 2025ರ ಬೇಸಿಗೆಗೆ ಬೇರೊಂದು ಸಂಸ್ಥೆ ಮತ್ತೆ ಹಾರಿಸಿತು. ಇಂಥವು ಬೇಸಿಗೆಯಲ್ಲಿ ಬರುತ್ತವೆ, ಲೆಕ್ಕ ಕೂಡದಿದ್ದರೆ ಹೋಗುತ್ತವೆ. ನೇರ ವಿಮಾನ ಇಲ್ಲದಾಗ ಪೂರ್ವದ ಲಂಡನ್‌ಗೆ ಹೊರಟವರು ಮೊದಲು ಪಶ್ಚಿಮದ ಟೊರಾಂಟೊಗೆ ಹೋಗಿ ತಿರುಗಿ ಬರಬೇಕು.

ಇದರ ಕಷ್ಟ ಕರಾವಳಿಯವರಿಗೆ ವಿವರಿಸಬೇಕಿಲ್ಲ. 2006ರಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾಗುವ ಮೊದಲು ಮುಂಬೈಗೆ ಹೋಗಿ ಕಾದವರು, ವಯಸ್ಸಾದ ಉಮ್ಮನನ್ನೂ ಎಳೆಮಗುವನ್ನೂ ಸಾಮಾನಿನ ಜೊತೆ ಸಂಭಾಳಿಸಿದವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ! ಒಂದು ಮಾರ್ಗ ರದ್ದಾದರೆ ಕಂಪೆನಿಯ ಲೆಕ್ಕದಲ್ಲಿ ಒಂದು ಸಾಲು ಅಳಿಯುತ್ತದೆ. ಮನೆಯ ಲೆಕ್ಕದಲ್ಲಿ ಮಗಳು ತಾಯಿಯನ್ನು ನೋಡಲು ಬರುವುದು ಎರಡು ವರ್ಷಕ್ಕೊಮ್ಮೆಯಾಗುತ್ತದೆ.

2014ರಲ್ಲಿ ಗ್ಯಾಂಡರ್‌ನ ಆ ಹಳೆಯ ಟರ್ಮಿನಲ್ ಕೆಡವುವ ಮಾತು ಬಂದಿತ್ತು. ಜನ ಬೇಡವೆಂದರು, ಉಳಿಯಿತು. ಇಂದಿಗೂ ಉತ್ತರ ಅಟ್ಲಾಂಟಿಕ್‌ನ ಪಶ್ಚಿಮಾರ್ಧದ ವಿಮಾನಗಳಿಗೆ ದಾರಿ ತೋರುವ ನಿಯಂತ್ರಣ ಕೇಂದ್ರ ಗ್ಯಾಂಡರ್‌ನಲ್ಲೇ ಇದೆ. ಅಮೆರಿಕದಲ್ಲಿರುವ ನಿಮ್ಮ ಮಗನೋ, ಅಳಿಯನೋ ಯುರೋಪಿನ ದಾರಿಯಾಗಿ ಊರಿಗೆ ಬರುವಾಗ, ಅವರು ನಿದ್ದೆಯಲ್ಲಿರುವ ಹೊತ್ತಿಗೆ, ಅವರ ವಿಮಾನಕ್ಕೆ ಮುಂದಿನ ದಾರಿ ಹೇಳುವವರು ಬಹುಶಃ ಆ ಊರಿನವರೇ.